ಹತ್ತಿಯಿಲ್ಲದ ಬತ್ತಿ

ಗುಳಿಗೆ ಉರುಟುವುದನ್ನು ಕೈಯಾರೆ ಕಲಿತ ಕೊನೆಯ ಕಂಪೌಂಡರುಗಳಲ್ಲಿ ನಾನೂ ಒಬ್ಬ. 1968ರಲ್ಲಿ ಹುಬ್ಬಳ್ಳಿಯಲ್ಲಿ ಫಾರ್ಮಸಿ ಡಿಪ್ಲೊಮಾ ಓದುವಾಗ ನಮ್ಮ ಮೇಜಿನ ಮೇಲೆ ಗೆರೆ ಕೊರೆದ ಬಿಳಿ ಪಿಂಗಾಣಿ ಹಲಗೆಯೊಂದು ಇರುತ್ತಿತ್ತು. ಔಷಧದ ಪುಡಿಗೆ ಅಂಟು ಹಾಕಿ ಹಿಟ್ಟಿನ ಹಾಗೆ ನಾದಬೇಕು, ಉದ್ದಕ್ಕೆ ಹೊಸೆಯಬೇಕು, ಗೆರೆಗೆ ಸರಿಯಾಗಿ ಕತ್ತರಿಸಬೇಕು, ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ದುಂಡಗೆ ಉರುಟಬೇಕು. ಪರೀಕ್ಷೆ ಮುಗಿದ ಮೇಲೆ ಆ ವಿದ್ಯೆ ನನಗೆ ಒಮ್ಮೆಯೂ ಬೇಕಾಗಲಿಲ್ಲ. ಅಷ್ಟರಲ್ಲಿ ಕಾರ್ಖಾನೆಯ ಮಾತ್ರೆಗಳು ಬಂದಿದ್ದವು.

ಮೂವತ್ತು ವರ್ಷ ಬಿಟ್ಟು ಆ ಬೆರಳಾಟವನ್ನು ಮತ್ತೆ ಕಂಡದ್ದು ನಮ್ಮ ಅವ್ವನ ಬಲಗೈಯಲ್ಲಿ. ಕೈ ತೊಡೆಯ ಮೇಲೆ ಸುಮ್ಮನೆ ಇಟ್ಟಾಗ ಹೆಬ್ಬೆರಳು ತೋರುಬೆರಳು ಒಂದನ್ನೊಂದು ತೀಡುತ್ತಿದ್ದವು. ಚೊಂಬು ಹಿಡಿಯಲು ಕೈ ಚಾಚಿದರೆ ನಿಲ್ಲುತ್ತಿತ್ತು, ಇಟ್ಟರೆ ಮತ್ತೆ ಶುರು. ಈ ನಡುಕಕ್ಕೆ ಯುರೋಪಿನ ವೈದ್ಯರು ನಮ್ಮ ಕಸುಬಿನಿಂದಲೇ ಹೆಸರು ತೆಗೆದುಕೊಂಡಿದ್ದರು, ಗುಳಿಗೆ ಉರುಟುವ ನಡುಕ ಅಂತ. ಅವ್ವ ಯಾರೂ ಗುಳಿಗೆ ಉರುಟಿದ್ದನ್ನು ಕಂಡವಳಲ್ಲ. ತನ್ನ ಕೈಯನ್ನೇ ನೋಡಿಕೊಂಡು ಅವಳು ಅಂದದ್ದು, "ನೋಡೋ ತಮ್ಮಾ, ಹತ್ತಿ ಇಲ್ಲದ ಬತ್ತಿ ಹೊಸಿಯಾಕ ಹತ್ತೈತಿ ಇದು."

ಆ ನಡುಕಕ್ಕೆ ಕೊಟ್ಟ ಮಾತ್ರೆಯ ಹಿಂದಿನ ಕತೆ ದೊಡ್ಡದು. ನಾನು ಅದನ್ನು ಓದಿ ತಿಳಿದದ್ದು ತಪ್ಪು ಮಾಡಿದ ಮೇಲೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಪುಟ್ಟ ಪುಸ್ತಕ ಬರೆದದ್ದು 1817ರಲ್ಲಿ. ಅದರಲ್ಲಿ ಇರುವುದು ಆರೇ ಜನ ರೋಗಿಗಳ ವಿವರ, ಅವರಲ್ಲೂ ಕೆಲವರನ್ನು ಆತ ಬೀದಿಯಲ್ಲಿ ಹೋಗುವಾಗ ಕಂಡದ್ದಷ್ಟೇ. ಕಣ್ಣು ಬಲು ಸೂಕ್ಷ್ಮ ಇದ್ದ ಮನುಷ್ಯ. ಮದ್ದಿನ ಮಾತಿಗೆ ಬಂದಾಗ ಮಾತ್ರ ಕುತ್ತಿಗೆಯ ಹತ್ತಿರ ರಕ್ತ ತೆಗೆಯಿರಿ, ಬೊಬ್ಬೆ ಎಬ್ಬಿಸಿ ಕೀವು ಹರಿಸಿ ಎಂದು ಬರೆದ. ಅವನ ಕಾಲಕ್ಕೆ ಎಲ್ಲರೂ ಎಲ್ಲದಕ್ಕೂ ಅದನ್ನೇ ಬರೆಯುತ್ತಿದ್ದರು.

ಇದಾಗಿ ಐವತ್ತು ವರ್ಷಕ್ಕೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ದೊಡ್ಡ ವೈದ್ಯನಿದ್ದ. ಗತಿಯಿಲ್ಲದ ಸಾವಿರಾರು ಮುದುಕಿಯರನ್ನು ಸೇರಿಸಿಕೊಂಡಿದ್ದ ಆಸ್ಪತ್ರೆ ಅದು. ಈ ಕಾಯಿಲೆಯವರೆಲ್ಲ ನಡುಗುವುದಿಲ್ಲ, ಕೆಲವರು ಬರೀ ಬಿಗಿಯುತ್ತಾರೆ, ನಿಧಾನವಾಗುತ್ತಾರೆ ಎಂದು ಕಂಡುಕೊಂಡವನು ಅವನು. ಪಾರ್ಕಿನ್ಸನ್‌ನ ಹೆಸರನ್ನು ರೋಗಕ್ಕೆ ಕೊಟ್ಟವನೂ ಅವನೇ. ದೂರದ ಊರಿನಿಂದ ಗಾಡಿಯಲ್ಲಿ, ರೈಲಿನಲ್ಲಿ ಕುಲುಕಿಕೊಂಡು ಬಂದ ರೋಗಿಗಳು ಹಗುರಾದೆವು ಅಂದದ್ದನ್ನು ಕೇಳಿ, ರೋಗಿಯನ್ನು ಕೂರಿಸಿ ಗಡಗಡ ಅಲುಗಾಡಿಸುವ ಕುರ್ಚಿಯನ್ನೇ ಮಾಡಿಸಿದ. ನಮ್ಮೂರಿನ ಮಣ್ಣುರಸ್ತೆಯ ಬಸ್ಸು ಅವನ ಕಣ್ಣಿಗೆ ಬಿದ್ದಿದ್ದರೆ ಕುರ್ಚಿಯ ಖರ್ಚು ಉಳಿಯುತ್ತಿತ್ತು.

ಬೆಲಡೋನ ಜಾತಿಯ ಗಿಡಗಳ ಸಾರವನ್ನು ನಡುಕಕ್ಕೆ ಕೊಟ್ಟು ನೋಡಿದ್ದು ಆ ಆಸ್ಪತ್ರೆಯಲ್ಲೇ. 1860ರ ದಶಕದ ಕೊನೆಯಲ್ಲಿ ಶಾರ್ಕೋನ ಶಿಷ್ಯ ಆರ್ಡೆನ್‌ಸ್ಟೈನ್ ತನ್ನ ಪ್ರಬಂಧದಲ್ಲಿ ಅದನ್ನು ಬರೆದಿಟ್ಟ. ಯಾಕೆ ಕೆಲಸ ಮಾಡುತ್ತದೆ ಎಂದು ಗುರುವಿಗೂ ಗೊತ್ತಿರಲಿಲ್ಲ, ಶಿಷ್ಯನಿಗೂ ಗೊತ್ತಿರಲಿಲ್ಲ. ಜೊಲ್ಲು ಕಡಿಮೆಯಾಗುತ್ತಿತ್ತು, ನಡುಕ ಕೊಂಚ ತಗ್ಗುತ್ತಿತ್ತು. ಅಲ್ಲಿಯವರೆಗೆ ಏನೂ ಇಲ್ಲದ ರೋಗಕ್ಕೆ ಅಷ್ಟೇ ದೊಡ್ಡದು.

ಬೆಲಡೋನ ಎಂದರೆ ಇಟಲಿಯ ಮಾತಿನಲ್ಲಿ ಚೆಲುವೆ. ಅಲ್ಲಿನ ಹೆಂಗಸರು ಅದರ ರಸವನ್ನು ಕಣ್ಣಿಗೆ ಬಿಟ್ಟುಕೊಂಡು ಪಾಪೆ ಅಗಲಿಸಿಕೊಳ್ಳುತ್ತಿದ್ದರಂತೆ. ಗಿಡಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಮಾತ್ರ ಅದಕ್ಕೆ ಅಟ್ರೋಪ ಎಂದ. ಗ್ರೀಕರ ಕತೆಯಲ್ಲಿ ಅಟ್ರೋಪಸ್ ಅಂದರೆ ಆಯುಷ್ಯದ ನೂಲು ಕತ್ತರಿಸುವ ದೇವತೆ. ಒಂದೇ ಗಿಡಕ್ಕೆ ಚೆಲುವೆಯ ಹೆಸರೂ ಸಾವಿನ ಹೆಸರೂ ಸೇರಿಕೊಂಡವು. ನಮ್ಮ ಬಯಲುಸೀಮೆಯಲ್ಲಿ ಬೆಲಡೋನ ಬೆಳೆಯುವುದಿಲ್ಲ. ಆದರೆ ಅದರ ದಾಯಾದಿ ಉಮ್ಮತ್ತಿ, ನಮ್ಮ ಕಡೆ ಮದಗುಣಕಿ ಅನ್ನುತ್ತಾರೆ, ಪ್ರತಿ ತಿಪ್ಪೆಯ ಪಕ್ಕದಲ್ಲೂ ಇದೆ. ಹೂವು ಶಿವನಿಗೆ, ಮುಳ್ಳಿನ ಕಾಯಿ ಯಾರಿಗೂ ಬೇಡ. ಎರಡರಲ್ಲೂ ಇರುವುದು ಒಂದೇ ಬಗೆಯ ವಿಷ. ಬ್ಯಾಡಗಿ ಮೆಣಸಿನಕಾಯಿಯೂ ಬದನೆಯೂ ಇದೇ ವಂಶದವು ಎಂದು ತರಗತಿಯಲ್ಲಿ ಹೇಳಿದಾಗ ನಮಗೆಲ್ಲ ನಗು ಬಂದಿತ್ತು.

ನಾನು 1971ರಲ್ಲಿ ಸರ್ಕಾರಿ ಆಸ್ಪತ್ರೆಯ ನೌಕರಿಗೆ ಸೇರಿದಾಗ ಬೆಲಡೋನ ಟಿಂಕ್ಚರ್ ಇನ್ನೂ ಕಪಾಟಿನಲ್ಲಿತ್ತು. ನಮ್ಮದು ಆಗ ಧಾರವಾಡ ಜಿಲ್ಲೆ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೊಟ್ಟೆ ಹಿಂಡುವ ನೋವಿಗೆ ಮಿಕ್ಸ್ಚರ್ ಮಾಡುವಾಗ ಅದನ್ನು ಗಾಜಿನ ಸಣ್ಣ ಅಳತೆಯಲ್ಲಿ ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದು ಸುರಿಯಬೇಕು. ಒಂದು ಸಲಕ್ಕೆ ಅರ್ಧದಿಂದ ಎರಡು ಮಿಲಿಲೀಟರ್, ಅದಕ್ಕಿಂತ ಮುಂದೆ ಹೋಗುವಂತಿಲ್ಲ. ಬಾಟಲಿಗೆ ಕತ್ತರಿಯಿಂದ ಹಲ್ಲು ಹಲ್ಲು ಮಾಡಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆವು, ಒಂದು ಹಲ್ಲಿಗೆ ಒಂದು ಸಲದ ಔಷಧ. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. ಟಿಂಕ್ಚರಿನ ಜಾಗ ಬೀಗ ಹಾಕಿದ ವಿಷದ ಕಪಾಟು, ಬೀಗದಕೈ ನನ್ನ ಸೊಂಟದಲ್ಲಿ. ಅದೇ ವಂಶದ ಮಾತ್ರೆಗಳು ಬಂದಾಗ ಮಾತ್ರ ಅವನ್ನು ಬೀಗವಿಲ್ಲದ ಡಬ್ಬಿಗೆ ಹಾಕಿದೆವು. ಮಾತ್ರೆಯ ರೂಪಕ್ಕೆ ಬಂದರೆ ವಿಷದ ಭಯ ಹೊರಟುಹೋಗುತ್ತದೆ.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಯುರೋಪಿನಲ್ಲಿ ವಿಚಿತ್ರವಾದ ಮಿದುಳು ಜ್ವರವೊಂದು ಹಬ್ಬಿತು. ವಿಯೆನ್ನಾದ ಫಾನ್ ಎಕೊನೊಮೊ 1917ರಲ್ಲಿ ಅದನ್ನು ವಿವರಿಸಿದ. ಜನ ದಿನಗಟ್ಟಲೆ ನಿದ್ದೆ ಹೋಗುತ್ತಿದ್ದರು, ಎದ್ದವರಲ್ಲಿ ಬಹಳ ಮಂದಿ ವರ್ಷಗಳ ನಂತರ ಕಲ್ಲಿನ ಹಾಗೆ ಬಿಗಿದುಕೊಂಡರು. ಹರೆಯದ ಹುಡುಗರಿಗೆ ಮುದುಕರ ನಡುಕ. ಈ ನತದೃಷ್ಟರ ಮೇಲೆ ಅಟ್ರೋಪಿನ್ ಪ್ರಮಾಣ ಏರಿಸುತ್ತ ಏರಿಸುತ್ತ ಹೋದರು.

ಬಲ್ಗೇರಿಯದ ಶಿಪ್ಕ ಎಂಬ ಊರಿನ ನಾಟಿವೈದ್ಯ ಇವಾನ್ ರಾಯೆವ್ ಹೆಸರು ಮಾಡಿದ್ದು ಆಗಲೇ. ಬಿಳಿ ದ್ರಾಕ್ಷಾರಸದಲ್ಲಿ ಒಂದು ಬೇರನ್ನು ಕುದಿಸಿ ಕೊಡುತ್ತಿದ್ದ, ಬಿಗಿದವರು ನಡೆಯುತ್ತಿದ್ದರು. ಸುದ್ದಿ ಇಟಲಿಯ ರಾಣಿ ಎಲೆನಾಳ ಕಿವಿಗೆ ಬಿತ್ತು. ಆಕೆ ಆ ಗುಟ್ಟನ್ನು ಹಣ ಕೊಟ್ಟು ಪಡೆದು ರೋಮಿನಲ್ಲಿ ಚಿಕಿತ್ಸೆಗೆ ಏರ್ಪಾಡು ಮಾಡಿಸಿದಳು. 1930ರ ದಶಕದಲ್ಲಿ ಬಲ್ಗೇರಿಯದ ಮದ್ದು ಎಂದು ಯುರೋಪಿನಲ್ಲೆಲ್ಲ ಅದೇ ಮಾತು. ಪರೀಕ್ಷೆ ಮಾಡಿ ನೋಡಿದರೆ ಬೇರು ಬೆಲಡೋನದ್ದೇ! ಶಾರ್ಕೋನ ಶಿಷ್ಯ ಆಗಲೇ ಬರೆದಿಟ್ಟದ್ದನ್ನು ರಾಣಿ ದುಡ್ಡು ಕೊಟ್ಟು ಕೊಂಡಿದ್ದಳು. ನನಗೆ ಆಕೆಯ ಮೇಲೆ ಸಿಟ್ಟಿಲ್ಲ. ನಾಟಿಮದ್ದಿನ ಗುಟ್ಟಿಗೆ ದುಡ್ಡು ಸುರಿದು ಕೊನೆಗೆ ನಮ್ಮ ಕಪಾಟಿನ ಸರಕನ್ನೇ ಕೊಂಡವರನ್ನು ನಾನೂ ಕಂಡಿದ್ದೇನೆ.

ಯಾಕೆ ಕೆಲಸ ಮಾಡುತ್ತದೆ ಎಂಬುದು ತುಂಡು ತುಂಡಾಗಿ ಗೊತ್ತಾಯಿತು. ನರದಿಂದ ಅಂಗಕ್ಕೆ ಸುದ್ದಿ ಹೋಗುವುದು ರಾಸಾಯನಿಕದ ಮೂಲಕ ಎಂದು ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯ ಇಟ್ಟುಕೊಂಡು ತೋರಿಸಿದ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಬೆಲಡೋನ ಅದರ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ನಡುಕದ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕ ಬತ್ತಿಹೋಗಿರುತ್ತದೆ ಎಂದು ವಿಯೆನ್ನಾದವರು ಕಂಡದ್ದು 1960ರಲ್ಲಿ. ಔಷಧ ತೂಗುತ್ತಿದ್ದ ನನಗೆ ಇದು ತಕ್ಕಡಿಯ ಲೆಕ್ಕದಲ್ಲೇ ಅರ್ಥವಾದದ್ದು. ಒಂದು ತಟ್ಟೆ ಹಗುರಾಗಿ ಮೇಲೆ ಹೋಗಿದೆ. ಬೆಲಡೋನ ಆ ತಟ್ಟೆಗೆ ಏನನ್ನೂ ಹಾಕುವುದಿಲ್ಲ, ಕೆಳಗಿಳಿದ ತಟ್ಟೆಯಿಂದ ಒಂದು ಹಿಡಿ ತೆಗೆಯುತ್ತದೆ. ಮುಳ್ಳು ನಡುವಿಗೆ ಬಂದ ಹಾಗೆ ಕಾಣುತ್ತದೆ, ಅಷ್ಟೇ. ಅಸಿಟೈಲ್‌ಕೋಲಿನ್ನಿಗೆ ಮೈಯಲ್ಲಿ ಬೇರೆ ನೂರು ಕೆಲಸ ಇದೆ. ಬಾಯಿಗೆ ನೀರು ತರುವುದು ಅದು, ಬೆವರು ಬರಿಸುವುದು ಅದು, ಕರುಳು ಓಡಿಸುವುದು, ಉಚ್ಚೆಚೀಲ ಹಿಂಡುವುದು, ಕಣ್ಣಿಗೆ ಹತ್ತಿರದ್ದನ್ನು ಹಿಡಿದುಕೊಡುವುದು, ನೆನಪು ಕೂಡಿಸುವುದು. ಒಂದು ಹಿಡಿ ತೆಗೆದರೆ ಇವೆಲ್ಲದರಿಂದಲೂ ತೆಗೆದ ಹಾಗೆ.

ಬೆಲಡೋನದ ಕೆಲಸವನ್ನೇ ಮಾಡುವ, ಕಾರ್ಖಾನೆಯಲ್ಲಿ ಮಾಡಿದ ಟ್ರೈಹೆಕ್ಸಿಫೆನಿಡಿಲ್ 1949ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನಾನು ಹುಟ್ಟಿದ್ದೂ ಅದೇ ವರ್ಷ. ನಮ್ಮಲ್ಲಿ ಅದು ಪ್ಯಾಸಿಟೇನ್ ಎಂಬ ಹೆಸರಿನಲ್ಲಿ ಮನೆಮಾತಾಯಿತು, ಎರಡು ಮಿಲಿಗ್ರಾಮಿನ ಪುಟ್ಟ ಬಿಳಿ ಮಾತ್ರೆ. ಬೇರು ಕುದಿಸುವುದಾಗಲಿ ಹನಿ ಎಣಿಸುವುದಾಗಲಿ ಬೇಕಿಲ್ಲ. ಇಷ್ಟರಲ್ಲೇ ನಿಂತಿದ್ದರೆ ಅದು ಪಾರ್ಕಿನ್ಸನ್ ರೋಗದವರ ಮನೆಗಳಲ್ಲೇ ಉಳಿಯುತ್ತಿತ್ತೇನೋ. ಮೂರೇ ವರ್ಷಕ್ಕೆ ಇನ್ನೊಂದು ಕತೆ ಬಂದು ಕೂಡಿಕೊಂಡಿತು.

1952ರಲ್ಲಿ ಪ್ಯಾರಿಸ್ಸಿನ ಡಿಲೇ ಮತ್ತು ಡೆನಿಕೆರ್ ಕ್ಲೋರ್‌ಪ್ರೊಮಜಿನ್‌ನಿಂದ ಮನೋರೋಗಿಗಳ ಉದ್ರೇಕ ಇಳಿಯುವುದನ್ನು ತೋರಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ನಮ್ಮ ಸರ್ಪಗಂಧಿಯ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಸರ್ಪಗಂಧಿ ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಎರಡೂ ಮದ್ದುಗಳು ಸರಪಳಿ ಬಿಚ್ಚಿಸಿದವು, ನಿಜ. ಆದರೆ ತೆಗೆದುಕೊಂಡವರು ಮುಖ ಬಿಗಿದು, ಕೈ ನಡುಗಿ, ಪುಟ್ಟ ಪುಟ್ಟ ಹೆಜ್ಜೆ ಇಡತೊಡಗಿದರು. ಮದ್ದಿನಿಂದಲೇ ಕಂಪವಾತ! ಡೋಪಮಿನ್ನಿನ ತಟ್ಟೆಯನ್ನು ಈ ಸಲ ರೋಗ ಹಗುರ ಮಾಡಿರಲಿಲ್ಲ, ಚೀಟಿ ಮಾಡಿತ್ತು. ಅದಕ್ಕೆ ಮದ್ದು ಮತ್ತದೇ ಪುಟ್ಟ ಬಿಳಿ ಮಾತ್ರೆ.

ಹೀಗೆ ಒಂದು ಪದ್ಧತಿ ಬೆಳೆಯಿತು. ನಮ್ಮ ಭಾಗದ ರೋಗಿಗಳು 1845ರಷ್ಟು ಹಳೆಯ ಧಾರವಾಡದ ಮನೋರೋಗಿಗಳ ಆಸ್ಪತ್ರೆಗೆ ಹೋಗುತ್ತಿದ್ದರು, ಕೆಲವರು ಬೆಂಗಳೂರಿಗೆ, ಕೆಲವರು ಖಾಸಗಿ ವೈದ್ಯರ ಹತ್ತಿರ. ಚೀಟಿ ಯಾವ ಊರಿನದಾದರೂ ಕೊನೆಯ ಸಾಲು ಬಹುಪಾಲು ಅದೇ. ನಡುಕ ಬಂದಿದೆಯೋ ಇಲ್ಲವೋ, ಬಂದರೆ ಇರಲಿ ಎಂದು ಮೊದಲೇ ಜೊತೆಗೊಂದು. ಮದುವೆ ಊಟಕ್ಕೆ ಕರೆದರೆ ಮಗ್ಗುಲ ಮನೆಯ ಹುಡುಗನೂ ಬರುವ ಹಾಗೆ ಅದು ಬರುತ್ತಿತ್ತು, ಬಂದದ್ದು ಹೋಗುತ್ತಿರಲಿಲ್ಲ. ಹೀಗೆ ಮುಂಜಾಗ್ರತೆಯೆಂದು ಎಲ್ಲರಿಗೂ ಕೊಡುತ್ತ ಹೋಗುವುದು ಸರಿಯಲ್ಲ, ನಡುಕವೋ ಬಿಗಿತವೋ ಕಂಡವರಿಗೆ ಕೊಡಬೇಕು, ಕೆಲವು ತಿಂಗಳಿಗೊಮ್ಮೆ ಇಳಿಸಿ ನೋಡಬೇಕು ಎಂಬ ಅಭಿಪ್ರಾಯ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರಿಂದ 1990ರಲ್ಲಿ ಬಂತು. ಹತ್ತು ವರ್ಷ ಹಳೆಯ ಚೀಟಿಯನ್ನು ಮಡಿಕೆ ಹರಿಯುವ ತನಕ ತಂದು ಅದನ್ನೇ ಕೇಳುತ್ತಿದ್ದ ಜನರಿಗೆ ಇದನ್ನು ಯಾರು ಹೇಳಬೇಕು? ನಾನಂತೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ತಲೆಸುತ್ತಿನ ಮಾತ್ರೆಗಳ ಕತೆ ಇದಕ್ಕಿಂತ ನವಿರು. ಪ್ರೊಕ್ಲೋರ್‌ಪೆರಜಿನ್, ಸಿನ್ನಾರಿಜಿನ್ ಮುಂತಾದವನ್ನು ಎರಡು ದಿನಕ್ಕೆಂದು ಬರೆಸಿಕೊಂಡು ಎರಡು ವರ್ಷ ನುಂಗಿದ ಅಜ್ಜಿಯರು ನಮ್ಮ ಕಿಟಕಿಗೆ ಬರುತ್ತಿದ್ದರು. ಅವುಗಳಿಂದಲೇ ಕೈ ನಡುಗತೊಡಗಿತ್ತು. ನಡುಕಕ್ಕೆ ಪ್ಯಾಸಿಟೇನ್ ಬರೆದಿರುತ್ತಿತ್ತು, ಮೇಲಿನ ಸಾಲಿನಲ್ಲಿ ತಲೆಸುತ್ತಿನದು ಹಾಗೇ ಇರುತ್ತಿತ್ತು. ಒಂದು ತೆಗೆದರೆ ಎರಡೂ ತೆಗೆಯಬಹುದಾಗಿತ್ತು.

ಇನ್ನೊಂದು ಕಡೆ ಹೊಸ ಹಾದಿಗಳು ತೆರೆದವು. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಡಾ. ಆರ್. ಎಂ. ವರ್ಮ ಅವರು ತಲೆಬುರುಡೆ ಕೊರೆಯದೆ, ಬುಡದಲ್ಲಿರುವ ಸಹಜ ರಂಧ್ರದಿಂದಲೇ ಸೂಜಿ ಹಾಯಿಸಿ ನಡುಕಕ್ಕೆ ಚಿಕಿತ್ಸೆ ಮಾಡುವ ವಿಧಾನ ರೂಪಿಸಿದರು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕೋಟ್ಸಿಯಾಸ್ ಲೆವೊಡೋಪವನ್ನು ಬಾಯಿಂದಲೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ಬಿಗಿದವರನ್ನು ನಡೆಸಿದ. ಅದು ಹಗುರಾದ ತಟ್ಟೆಗೇ ಹಾಕುವ ಮದ್ದು. ನಮ್ಮ ಆಯುರ್ವೇದದವರು ವಾತಕ್ಕೆ ಕೊಡುತ್ತಿದ್ದ ನಸುಗುನ್ನಿ ಬೀಜದಲ್ಲಿ ಅದೇ ಡೋಪ ಇದೆ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಹುಡುಗರು ಒಬ್ಬರ ಅಂಗಿಯೊಳಗೆ ಒಬ್ಬರು ಹಾಕಿ ಕುಣಿಸುತ್ತಿದ್ದ ತುರಿಕೆ ಕಾಯಿಯ ಬೀಜ! ಲೆವೊಡೋಪ ಬಂದ ಮೇಲೆ ಬೆಲಡೋನದ ಮಕ್ಕಳು ಹಿಂದೆ ಸರಿದರು. ಎಳೆಯರ ಕೈಕಾಲು ತಿರುಚುವ ಡಿಸ್ಟೋನಿಯಕ್ಕೆ ಮಾತ್ರ 1980ರ ದಶಕದಲ್ಲಿ ಸ್ಟ್ಯಾನ್ಲಿ ಫಾನ್ ಮತ್ತು ಸಂಗಡಿಗರು ಟ್ರೈಹೆಕ್ಸಿಫೆನಿಡಿಲನ್ನೇ ಮೆಲ್ಲಮೆಲ್ಲಗೆ ಬಹಳ ಮೇಲಕ್ಕೆ ಏರಿಸಿ ಗುಣ ಕಂಡರು. ಎಳೆಯ ಮೈ ತಡೆಯುತ್ತದೆ. ಅದೇ ಅಳತೆ ಮುದುಕರಿಗೆ ಕೊಟ್ಟರೆ ತಲೆ ಕೆಡುತ್ತದೆ.

ಇದು ನನಗೆ ತಿಳಿದದ್ದು ನಮ್ಮ ಮನೆಯಲ್ಲೇ, 1999ರ ಬೇಸಿಗೆಯಲ್ಲಿ.

ಅವ್ವನಿಗೆ ಆಗ ಎಪ್ಪತ್ತೆರಡು. ಪಟ್ಟಣದ ವೈದ್ಯರು ಪ್ಯಾಸಿಟೇನ್ ಅರ್ಧ ಮಾತ್ರೆಯಿಂದ ಶುರು ಮಾಡಿಸಿದ್ದರು, ತಿಂಗಳು ಬಿಟ್ಟು ತೋರಿಸಿ ಎಂದಿದ್ದರು. ವಾರದಲ್ಲಿ ಬೆರಳು ಕೊಂಚ ಸುಮ್ಮನಾಯಿತು. ಇಪ್ಪತ್ತೆಂಟು ವರ್ಷ ಮಾತ್ರೆ ಕೊಟ್ಟವನಿಗೆ ವೈದ್ಯರು ಯಾಕೆ? ನಾನೇ ಒಂದು ಮಾಡಿದೆ, ಆಮೇಲೆ ದಿನಕ್ಕೆ ಮೂರು. ಕಾಲುಸೆಳೆತ, ನಿದ್ದೆ ಎಂದು ರಾತ್ರಿ ಅಮಿಟ್ರಿಪ್ಟಿಲಿನ್ ಮೊದಲಿಂದಲೂ ಇತ್ತು. ಏಪ್ರಿಲಿನಲ್ಲಿ ಮೂಗು ಸೋರಿತೆಂದು ನೆಗಡಿಯ ಕ್ಲೋರ್‌ಫೆನಿರಮಿನ್ ಕೊಟ್ಟೆ. ಮೂರೂ ಅಸಿಟೈಲ್‌ಕೋಲಿನ್ನಿಗೆ ಅಡ್ಡ ನಿಲ್ಲುವವೇ. ಬೇರೆ ಬೇರೆ ಪೊಟ್ಟಣದಿಂದ ಬಂದ ಒಂದೇ ವಿಷ ಎಂದು ನನಗೆ ಹೊಳೆಯಲಿಲ್ಲ.

ಮೊದಲು ನಾಲಿಗೆ ಅಂಗಳಕ್ಕೆ ಅಂಟಿಕೊಳ್ಳುತ್ತದೆ ಎಂದಳು. ರೊಟ್ಟಿ ನುಂಗಲಾಗದೆ ಮಜ್ಜಿಗೆಯಲ್ಲಿ ಕಲೆಸಿಕೊಂಡಳು. ನಾಲ್ಕು ದಿನ ಹೊರಕಡೆ ಆಗಲಿಲ್ಲ. ಮನೆಮಂದಿಯೆಲ್ಲ ಬೆವರಿನಲ್ಲಿ ತೊಯ್ದಿರುವಾಗ ಅವಳ ಮೈ ಒಣಗಿ ಬಿಸಿಯಾಗಿತ್ತು. ಐದನೆಯ ರಾತ್ರಿ ಕರೆದಳು. "ತಮ್ಮಾ, ಈ ಇರುವಿ ನೋಡೋ, ಕೌದಿ ತುಂಬ ಸಾಲು ಹಿಡದಾವು." ಕೌದಿಯ ಮೇಲೆ ಇರುವೆ ಇರಲಿಲ್ಲ. ಅವಳು ಒಂದೊಂದನ್ನೇ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದಳು, ಹೊಲಿಗೆಯ ದಾರ ಕಿತ್ತು ಬರುತ್ತಿತ್ತು.

ಹಾಸಿಗೆ ಹೆಕ್ಕುವ ಆ ಕೈಯನ್ನು ನಾನು ಎಲ್ಲೋ ಕಂಡಿದ್ದೆ. ಹತ್ತಿಗೆ ಹೊಡೆಯುವ ಕೀಟನಾಶಕ ಕುಡಿದವರನ್ನು ನಮ್ಮ ಆಸ್ಪತ್ರೆಗೆ ತರುತ್ತಿದ್ದರು. ಅವರಿಗೆ ಅಟ್ರೋಪಿನ್ನೇ ಪ್ರತಿವಿಷ, ಒಂದು ರಾತ್ರಿಗೆ ಪೆಟ್ಟಿಗೆಗಟ್ಟಲೆ ಆಂಪೂಲು ಒಡೆದು ಕೊಟ್ಟಿದ್ದೇನೆ. ಪ್ರಮಾಣ ಮೀರಿದರೆ ಅವರೂ ಹೀಗೇ ಗಾಳಿಯಲ್ಲಿ ಏನೋ ಹಿಡಿಯುತ್ತಿದ್ದರು, ಹೊದಿಕೆ ಹೆಕ್ಕುತ್ತಿದ್ದರು. ದೀಪ ಹಿಡಿದು ನೋಡಿದೆ. ಅವ್ವನ ಪಾಪೆಗಳು ಅಗಲವಾಗಿದ್ದವು, ಇಟಲಿಯ ಚೆಲುವೆಯರ ಹಾಗೆ. ಕಿಬ್ಬೊಟ್ಟೆ ಕಲ್ಲಾಗಿತ್ತು. ರಾತ್ರಿಯೇ ಆಸ್ಪತ್ರೆಗೆ ಒಯ್ದು ನಳಿಗೆ ಹಾಕಿಸಿದಾಗ ಲೀಟರಿನ ಹತ್ತಿರ ಉಚ್ಚೆ ಬಂತು.

ವೈದ್ಯರು ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು. ನೆಗಡಿಯದನ್ನೂ ರಾತ್ರಿಯದನ್ನೂ ಅಂದೇ ನಿಲ್ಲಿಸಿದರು. ಪ್ಯಾಸಿಟೇನ್ ಅರ್ಧಕ್ಕೆ ಇಳಿಸಿ, ಆಮೇಲೆ ವಾರಕ್ಕೆ ಅರ್ಧ ಮಾತ್ರೆಯಂತೆ ಬಿಡಿಸಿದರು. ದಿಢೀರನೆ ಪೂರ್ತಿ ನಿಲ್ಲಿಸಿದರೆ ಮೈ ಬಿಗಿದು ಇನ್ನೊಂದು ಗೋಳಾಗುತ್ತದೆ ಎಂದರು. ನಾಲ್ಕನೆಯ ದಿನಕ್ಕೆ ಇರುವೆಗಳು ಹೋದವು.

ನಿವೃತ್ತಿಗೆ ಇನ್ನು ಎಂಟು ವರ್ಷ ಇತ್ತು. ಆ ಎಂಟು ವರ್ಷ ಕಿಟಕಿಯಲ್ಲಿ ಕೂತು ಈ ಮಾತ್ರೆ ಕೇಳಿದವರನ್ನೆಲ್ಲ ನಾಚಿಕೆ ಬಿಟ್ಟು ವಿಚಾರಿಸಿದೆ. ಉಚ್ಚೆ ಸಲೀಸಾಗಿ ಹೋಗುತ್ತದೆಯೇ? ದಿನಾ ಹೊರಕಡೆ ಆಗುತ್ತದೆಯೇ? ಕಣ್ಣಿನ ಒತ್ತಡ ಇದೆಯೆಂದು ಯಾರಾದರೂ ಹೇಳಿದ್ದರೇ? ಬೇರೆ ಏನೇನು ನುಂಗುತ್ತೀರಿ, ನೆಗಡಿಯದು, ನಿದ್ದೆಯದು, ಎಲ್ಲ ಪೊಟ್ಟಣ ತಂದು ತೋರಿಸಿ. ಬಿಸಿಲಲ್ಲಿ ಹೊಲದ ಕೆಲಸ ಇದೆಯೇ? ಬೆವರು ಬರದಿದ್ದರೆ ನೆರಳಿಗೆ ಬನ್ನಿ, ಆಸ್ಪತ್ರೆಗೂ ಬನ್ನಿ. "ಕಂಪೌಂಡ್ರ, ಮಾತ್ರಿ ಕೊಡ್ರಿ ಅಂದ್ರ ಪುರಾಣ ಹೇಳ್ತೀರಲ್ಲ" ಎಂದು ರೇಗಿದವರಿದ್ದಾರೆ. ಚೀಟಿಯಿಲ್ಲದೆ ಬಂದು ಬೆಚ್ಚಗಿನ ನಗೆ ನಗುತ್ತ ಹತ್ತು ಮಾತ್ರೆ ಕೇಳುವ ಹುಡುಗರೂ ಇದ್ದರು. ಅವರಿಗೆ ನಡುಕ ಇರಲಿಲ್ಲ, ಅಮಲು ಬೇಕಿತ್ತು. ನಾನು ಡಬ್ಬಿಯನ್ನು ಮತ್ತೆ ಬೀಗದ ಕಪಾಟಿಗೆ ಸೇರಿಸಿದೆ. ಮೇಲಿನವರು ಯಾಕೆಂದು ಕೇಳಿದಾಗ ಜಾಗ ಸಾಲದು ಎಂದೆ.

ಅವ್ವನಿಗೆ ಲೆವೊಡೋಪ ಶುರುವಾಯಿತು. ಹೆಜ್ಜೆ ಸುಧಾರಿಸಿತು, ರೊಟ್ಟಿ ನುಂಗಿದಳು, ಜಗುಲಿಗೆ ತಾನೇ ಬಂದು ಕೂತಳು. ಬೆರಳು ಮಾತ್ರ ಮತ್ತೆ ಹೊಸೆಯತೊಡಗಿತು. ಇನ್ನೊಂದು ಮಾತ್ರೆ ಕೇಳೋಣವೇ ಅಂದೆ. ಬೇಡ ಅಂದಳು. ಕಾರ್ತಿಕ ಹತ್ತಿರ ಬಂದಿತ್ತು.

"ಹೆಂಗೂ ಕೈ ಸುಮ್ನಿರಂಗಿಲ್ಲ, ಒಂದಿಷ್ಟು ಹತ್ತಿ ಕೊಡು."

ಬತ್ತಿಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಸವಣ್ಣನ ಗುಡಿಯಲ್ಲಿ ಆ ವರ್ಷ ನಮ್ಮ ಹಣತೆಗಳು ಉಳಿದವಕ್ಕಿಂತ ಬೇಗ ಎಣ್ಣೆ ಕುಡಿದವು. ಎರಡು ಸಲ ಹೋಗಿ ಹಾಕಿ ಬಂದೆ.